ಏಳನೇ ಕ್ಲಾಸು ಮುಗಿಸಿದ ಹುಡುಗಿ ಎಲ್ಲಿಗೆ ಹೋದಳು?

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಈ ಸಲದ ಪ್ರಶ್ನೆಗಳೆಲ್ಲ ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಓದುಗರದು. ಎಲ್ಲವೂ ಹೆಣ್ಣುಮಕ್ಕಳ ಹೈಸ್ಕೂಲಿನ ಸುತ್ತಲೇ ಇವೆ. ಶಾಲಾ ಅಂಕಿಅಂಶ, ಹಾಸ್ಟೆಲ್, ವಿದ್ಯಾರ್ಥಿವೇತನ, ಮಕ್ಕಳ ಹಕ್ಕಿನ ಕಾನೂನು ಬಲ್ಲವರು ಸೇರಿ ಉತ್ತರ ಬರೆದಿದ್ದೇವೆ.

ಪ್ರಶ್ನೆ: ಹಿಂದುಳಿದ ಮತ್ತು ಅಭಿವೃದ್ಧಿಶೀಲ ದೇಶಗಳ ಪ್ರೌಢಶಾಲೆಗಳಲ್ಲಿ ಹುಡುಗಿಯರ ಪಾಲು ಅರ್ಧದ ಹತ್ತಿರಕ್ಕೆ ಬಂದಿದೆ ಎಂದು ಓದಿದೆ. ಶೇ. 48 ಅಥವಾ 49 ಎಂದರೆ ಸಮಾನತೆ ಬಂತು ಎಂದೇ ಅರ್ಥವೇ? ಇನ್ನೂ ಶೇ. 1 ಬಾಕಿ ಎಂದು ತಿಳಿಯಬೇಕೇ?
— ಬಿ.ಎಡ್. ವಿದ್ಯಾರ್ಥಿನಿ, ಹಾಸನ

ಎರಡೂ ಅಲ್ಲ. 'ಪಾಲು' ಎನ್ನುವುದು ಶಾಲೆಯ ಒಳಗೆ ಕೂತವರ ಲೆಕ್ಕ, ಹೊರಗೆ ಉಳಿದವರನ್ನು ಅದು ಕಾಣುವುದೇ ಇಲ್ಲ. ಕಾಗದ, ಪೆನ್ನು ತೆಗೆದುಕೊಳ್ಳಿ.

ಒಂದು ಹೋಬಳಿಯಲ್ಲಿ ಹೈಸ್ಕೂಲು ವಯಸ್ಸಿನ ಹುಡುಗರು 600, ಹುಡುಗಿಯರು 570 ಇದ್ದಾರೆ ಎಂದುಕೊಳ್ಳಿ. ಶಾಲೆಗೆ ಸೇರಿದವರು 420 ಹುಡುಗರು, 399 ಹುಡುಗಿಯರು. ಒಟ್ಟು 819 ಮಕ್ಕಳಲ್ಲಿ ಹುಡುಗಿಯರ ಪಾಲು ಶೇ. 48.7. ಅರ್ಧಕ್ಕಿಂತ ಕಡಿಮೆ ಕಾಣುತ್ತದೆ, ಆದರೆ ಹುಡುಗರಲ್ಲೂ ಶೇ. 70, ಹುಡುಗಿಯರಲ್ಲೂ ಶೇ. 70 ಮಂದಿ ಸೇರಿದ್ದಾರೆ. ಅಂದರೆ ಅಂತರ ಸೊನ್ನೆ. ಹುಟ್ಟಿದ ಹುಡುಗಿಯರೇ ಕಡಿಮೆ ಇರುವುದರಿಂದ ಪಾಲು ಅರ್ಧ ಮುಟ್ಟಲಿಲ್ಲ, ಅಷ್ಟೇ. 2011ರ ಜನಗಣತಿಯಲ್ಲಿ ದೇಶದಲ್ಲಿ ಆರು ವರ್ಷದೊಳಗಿನ 1000 ಗಂಡುಮಕ್ಕಳಿಗೆ ಹೆಣ್ಣುಮಕ್ಕಳು 920ಕ್ಕಿಂತ ಕಡಿಮೆ ಇದ್ದರು. ಆ ತಲೆಮಾರಿನ ಎಲ್ಲ ಮಕ್ಕಳೂ ಒಬ್ಬರನ್ನೂ ಬಿಡದೆ ಶಾಲೆಗೆ ಬಂದರೂ ಹುಡುಗಿಯರ ಪಾಲು ಸುಮಾರು ಶೇ. 48ಕ್ಕೇ ನಿಲ್ಲುತ್ತದೆ. ಆ ಕೊರತೆ ಶಾಲೆಯ ಬಾಗಿಲಲ್ಲಿ ಆದದ್ದಲ್ಲ, ಹುಟ್ಟುವ ಮುಂಚೆಯೇ ಆದದ್ದು.

ಅದೇ ಹೋಬಳಿಯನ್ನು ಮತ್ತೊಂದು ವರ್ಷ ನೋಡಿ. ಹುಡುಗರು 360ಕ್ಕೆ ಇಳಿದರು, ಹುಡುಗಿಯರು 370ಕ್ಕೆ ಇಳಿದರು. ಈಗ ಹುಡುಗಿಯರ ಪಾಲು ಶೇ. 50.7! ಪತ್ರಿಕೆಯಲ್ಲಿ 'ಹುಡುಗಿಯರ ಮೇಲುಗೈ' ಎಂಬ ತಲೆಬರಹ ಬರುತ್ತದೆ. ನಿಜದಲ್ಲಿ ಮೊದಲಿಗಿಂತ 29 ಹುಡುಗಿಯರು ಕಡಿಮೆಯಾಗಿದ್ದಾರೆ. ಆಫ್ರಿಕಾದ ಲೆಸೊಥೊ ದೇಶದಲ್ಲಿ ಹುಡುಗಿಯರು ಹುಡುಗರಿಗಿಂತ ಎದ್ದು ಕಾಣುವಷ್ಟು ಹೆಚ್ಚು ಓದಿದ್ದಕ್ಕೆ ಒಂದು ದೊಡ್ಡ ಕಾರಣ, ಗಂಡುಮಕ್ಕಳನ್ನು ಚಿಕ್ಕಂದಿನಲ್ಲೇ ದನ-ಕುರಿ ಕಾಯಲು ಗುಡ್ಡಕ್ಕೆ ಕಳಿಸುತ್ತಿದ್ದದ್ದು.

ಹಾಗಾಗಿ ಮೂರು ಅಂಕಿಗಳನ್ನು ಜೊತೆಗಿಟ್ಟು ನೋಡಿ: ಪಾಲು, ದಾಖಲಾತಿ ದರ, ಸಮಾನತಾ ಸೂಚ್ಯಂಕ. ಸ್ಥೂಲ ದಾಖಲಾತಿ ದರ ಎಂದರೆ, ಸೇರಿದ ಮಕ್ಕಳನ್ನು ಆ ವಯಸ್ಸಿನ ಮಕ್ಕಳ ಸಂಖ್ಯೆಯಿಂದ ಭಾಗಿಸಿ ನೂರರಿಂದ ಗುಣಿಸಿದ್ದು. ಇದರಲ್ಲಿ ಫೇಲಾಗಿ ಮತ್ತೆ ಕೂತವರು, ವಯಸ್ಸು ಮೀರಿ ಸೇರಿದವರೂ ಬರುವುದರಿಂದ ಕೆಲವು ದೇಶಗಳಲ್ಲಿ 100 ದಾಟುತ್ತದೆ. ಹುಡುಗಿಯರ ದರವನ್ನು ಹುಡುಗರ ದರದಿಂದ ಭಾಗಿಸಿದರೆ ಸಮಾನತಾ ಸೂಚ್ಯಂಕ. ಅದು 0.97ರಿಂದ 1.03ರ ನಡುವೆ ಇದ್ದರೆ ಯುನೆಸ್ಕೊ 'ಸಮಾನ' ಎಂದು ಪರಿಗಣಿಸುತ್ತದೆ. ಕೇಂದ್ರ ಸರ್ಕಾರ ಶಾಲೆಗಳ ಮಾಹಿತಿ ಕಲೆಹಾಕುವ ಯುಡೈಸ್ ಪ್ಲಸ್‌ನ 2021-22ರ ವರದಿಯಲ್ಲಿ 9-10ನೇ ತರಗತಿಯ ದರ ಹುಡುಗಿಯರಲ್ಲಿ 79.4, ಹುಡುಗರಲ್ಲಿ 79.7. ಸೂಚ್ಯಂಕದಲ್ಲಿ ಪೂರ್ತಿ ಪಾಸು. ಆದರೆ ಐವರಲ್ಲಿ ಒಬ್ಬಳು ಆ ಲೆಕ್ಕದ ಹೊರಗಿದ್ದಾಳೆ. ನಾವು ಕೇಳಬೇಕಾದದ್ದು ಅವಳ ವಿಚಾರ.

ಬಂದ ದಾರಿ ಸಣ್ಣದಲ್ಲ ಎಂಬುದನ್ನೂ ಹೇಳಬೇಕು. 1950-51ರಲ್ಲಿ ನಮ್ಮ ದೇಶದ ಪ್ರೌಢ ಹಂತದಲ್ಲಿ ಹುಡುಗಿಯರ ಪಾಲು ಶೇ. 13.3, 2000-01ರಲ್ಲಿ ಶೇ. 38.6. ವಿಶ್ವಸಂಸ್ಥೆಯ ಸಹಸ್ರಮಾನದ ಗುರಿಗಳಲ್ಲಿ ಪ್ರಾಥಮಿಕ ಮತ್ತು ಪ್ರೌಢ ಹಂತದ ಅಂತರವನ್ನು ಸಾಧ್ಯವಾದರೆ 2005ಕ್ಕೇ ಅಳಿಸಬೇಕೆಂದಿತ್ತು, ಆಗಲಿಲ್ಲ. ಈಗಿನ ಗಡುವು 2030. ಇದರ ನಡುವೆ ಅಫ್ಘಾನಿಸ್ತಾನದಲ್ಲಿ 2021ರ ಸೆಪ್ಟೆಂಬರ್‌ನಿಂದ ಆರನೇ ತರಗತಿಯ ಮೇಲಿನ ಹುಡುಗಿಯರಿಗೆ ಶಾಲೆಯ ಬಾಗಿಲನ್ನೇ ಮುಚ್ಚಲಾಗಿದೆ. ಅಂಕಿ ಒಮ್ಮೆ ಏರಿದರೆ ಇಳಿಯುವುದಿಲ್ಲ ಎಂದು ಯಾರೂ ನೆಚ್ಚಿ ಕೂರುವಂತಿಲ್ಲ.

ನಿಮ್ಮ ಜಿಲ್ಲೆಯ ಲೆಕ್ಕ ಹಾಕುವಾಗ ಒಂದು ಎಚ್ಚರ. 2011ರ ಗಣತಿಯಲ್ಲಿ ಹಾಸನದಲ್ಲೂ ಚಿಕ್ಕಮಗಳೂರಿನಲ್ಲೂ ಹೆಂಗಸರು ಗಂಡಸರಿಗಿಂತ ಹೆಚ್ಚಿದ್ದರು. ಅದು ಎಲ್ಲ ವಯಸ್ಸಿನ ಲೆಕ್ಕ. ಶಾಲೆಯ ದರಕ್ಕೆ ಅದನ್ನು ಬಳಸಿದರೆ ಉತ್ತರ ತಪ್ಪುತ್ತದೆ. ಶಾಲಾ ವಯಸ್ಸಿನ ಮಕ್ಕಳ ಸಂಖ್ಯೆಯನ್ನೇ ಹಿಡಿಯಿರಿ.

ಪ್ರಶ್ನೆ: 'ಸೆಕೆಂಡರಿ' ಎಂದರೆ ನಮಗೆ ಹೈಸ್ಕೂಲು, 8ರಿಂದ 10. ಬೇರೆ ದೇಶದ ಪಟ್ಟಿಗಳಲ್ಲೂ ಅದೇ ಅರ್ಥವೇ?
— ಸಹಶಿಕ್ಷಕರು, ಅರಸೀಕೆರೆ

ಅಲ್ಲ. ಯುನೆಸ್ಕೊ ಅಂಕಿಅಂಶದಲ್ಲಿ ಭಾರತದ 6ರಿಂದ 8ನೇ ತರಗತಿ ಕೆಳ ಪ್ರೌಢ ಹಂತ, 9ರಿಂದ 12 ಮೇಲಿನ ಪ್ರೌಢ ಹಂತ. ಅಂದರೆ ಆ ಪಟ್ಟಿಯ 'ಸೆಕೆಂಡರಿ'ಯಲ್ಲಿ ನಮ್ಮ ಆರನೇ ಕ್ಲಾಸಿನಿಂದ ದ್ವಿತೀಯ ಪಿಯುಸಿಯವರೆಗೆ ಎಲ್ಲವೂ ಸೇರಿದೆ. ಮೇಲೆ ಹೇಳಿದ 2021-22ರ ಯುಡೈಸ್ ಪ್ಲಸ್ ವರದಿಯಲ್ಲಿ ಸೆಕೆಂಡರಿ ಎಂದರೆ 9 ಮತ್ತು 10 ಮಾತ್ರ. ನಮ್ಮ ಕರ್ನಾಟಕದ ಮಾತಿನಲ್ಲಿ 8, 9, 10.

ಈ ಗೊಂದಲಕ್ಕೆ ಬೆಲೆ ತೆರುವವಳು ಏಳನೇ ಕ್ಲಾಸು ಮುಗಿಸಿ ಎಂಟಕ್ಕೆ ಹೋಗದ ಹುಡುಗಿ. ನಮ್ಮಲ್ಲಿ ಬಹಳಷ್ಟು ಊರಿನ ಶಾಲೆಗಳು ಏಳಕ್ಕೆ ಮುಗಿಯುತ್ತವೆ, ಹೈಸ್ಕೂಲು ಇನ್ನೊಂದು ಊರಿನಲ್ಲಿ. ಅವಳು ಶಾಲೆ ಬಿಡುವುದು ಹೈಸ್ಕೂಲು ದೂರವೆಂದು. ಪಟ್ಟಿಯಲ್ಲಿ ಮಾತ್ರ ಅವಳು ಹಿರಿಯ ಪ್ರಾಥಮಿಕ ಹಂತದಲ್ಲಿ ಬಿಟ್ಟವಳು. ಹೈಸ್ಕೂಲಿನವರು 'ನಮ್ಮಲ್ಲಿ ಸೇರಿದವರು ಯಾರೂ ಬಿಟ್ಟಿಲ್ಲ' ಎಂದು ಸತ್ಯವನ್ನೇ ಹೇಳುತ್ತಾರೆ, ಪ್ರಾಥಮಿಕ ಶಾಲೆಯವರು 'ನಾವು ಟಿ.ಸಿ. ಕೊಟ್ಟೆವು' ಎಂದು ಸತ್ಯವನ್ನೇ ಹೇಳುತ್ತಾರೆ. ನಡುವೆ ಹುಡುಗಿ ಇಲ್ಲ.

ಪ್ರಶ್ನೆ: ನಾವು ಕಾಫಿ ಎಸ್ಟೇಟಿನ ಕೂಲಿ ಲೈನಲ್ಲಿ ಇರೋದು. ಮಗಳು ಏಳನೇ ಕ್ಲಾಸು ಪಾಸಾದಳು. ಹೈಸ್ಕೂಲು ಒಂಬತ್ತು ಕಿಲೋಮೀಟರು. ಬಸ್ ಸ್ಟಾಪಿಗೆ ತೋಟದೊಳಗೆ ಎರಡು ಕಿಲೋಮೀಟರು ನಡೀಬೇಕು. ಮಳೆಗಾಲ, ಆನೆ ಕಾಟ ಬೇರೆ. ಅವರಪ್ಪ ಈ ವರ್ಷ ಬೇಡ ಅಂತಾರೆ. ಏನು ಮಾಡಲಿ?
— ತಾಯಿಯೊಬ್ಬರು, ಮೂಡಿಗೆರೆ ತಾಲ್ಲೂಕು

ಅಮ್ಮಾ, 'ಈ ವರ್ಷ ಬೇಡ' ಎನ್ನುವುದನ್ನು ಮಾತ್ರ ಒಪ್ಪಬೇಡಿ. ಒಂದು ವರ್ಷ ಮನೆಯಲ್ಲಿ ಉಳಿದವಳು ಮರುವರ್ಷ ತನಗಿಂತ ಚಿಕ್ಕವರ ಜೊತೆ ಕೂರಬೇಕಾಗುತ್ತದೆ, ಅಷ್ಟರಲ್ಲಿ ಹಣ್ಣು ಕುಯ್ಯುವ ಕೈ ಎಂದು ಮನೆ ಲೆಕ್ಕ ಹಾಕಿರುತ್ತದೆ. ಹೋಗದೆ ಉಳಿಯಲು ಅಷ್ಟು ಸಾಕು.

ಮೊದಲು ಕಾನೂನಿನ ಮಾತು. ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದವರಿಗೆ, 8ನೇ ತರಗತಿವರೆಗೆ ಅನ್ವಯಿಸುತ್ತದೆ. ಎಂಟನೇ ಕ್ಲಾಸು ಹೈಸ್ಕೂಲಿನ ಕಟ್ಟಡದಲ್ಲಿದ್ದರೂ ನಿಮ್ಮ ಮಗಳಿಗೆ ಅದು ಇನ್ನೂ ಹಕ್ಕು. ಟಿ.ಸಿ. ತಡವಾಯಿತು ಎಂದು ಪ್ರವೇಶ ನಿಲ್ಲಿಸುವಂತಿಲ್ಲ. ಹತ್ತಿರ ಶಾಲೆ ಇಲ್ಲದ ಕಡೆ ವಾಹನವೋ ವಸತಿಯೋ ವ್ಯವಸ್ಥೆ ಆಗಬೇಕೆಂದು ಕ್ಷೇತ್ರ ಶಿಕ್ಷಣಾಧಿಕಾರಿಗೆ, ಅಂದರೆ ಬಿಇಒ ಕಚೇರಿಗೆ, ಬರವಣಿಗೆಯಲ್ಲೇ ಅರ್ಜಿ ಕೊಡಿ. ಒಂದು ಪ್ರತಿಗೆ ಸೀಲು ಹಾಕಿಸಿಕೊಂಡು ಮನೆಯಲ್ಲಿಡಿ. ಬಾಯಿಮಾತಿನ ಅರ್ಜಿಗೆ ಕಡತ ಇರುವುದಿಲ್ಲ. ತೋಟದ ಮಾಲೀಕರ ಜವಾಬ್ದಾರಿಯ ಬಗ್ಗೆಯೂ ಕೆಲವರು ಕೇಳುತ್ತಾರೆ. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆ ಶಾಲೆಯ ಮಾತಾಡುತ್ತಿದ್ದುದು 6ರಿಂದ 12 ವರ್ಷದ ಮಕ್ಕಳು 25ಕ್ಕಿಂತ ಹೆಚ್ಚಿದ್ದರೆ ಮಾತ್ರ. ಹೈಸ್ಕೂಲು ಅದರಲ್ಲಿ ಇರಲಿಲ್ಲ. ಆದರೂ ಬೆಳಿಗ್ಗೆ ಪೇಟೆಗೆ ಹೋಗುವ ತೋಟದ ಜೀಪಿನಲ್ಲಿ ಬಸ್ ಸ್ಟಾಪಿನ ತನಕ ನಾಲ್ಕೈದು ಮಕ್ಕಳನ್ನು ಬಿಡಿಸಿಕೊಡಿ ಎಂದು ತೋಟದ ಲೆಕ್ಕ ಬರೆಯುವ ರೈಟರ ಮೂಲಕ ಕೇಳಿ. ಕೇಳುವಾಗ ಒಬ್ಬರೇ ಹೋಗಬೇಡಿ. ಲೈನಿನ ಎಲ್ಲ ಮನೆಗಳ ಮಕ್ಕಳ ಹೆಸರು ಒಂದೇ ಹಾಳೆಯಲ್ಲಿರಲಿ.

ಎರಡನೆಯದು ಹಾಸ್ಟೆಲ್. ಹಿಂದುಳಿದ ವರ್ಗಗಳ ಇಲಾಖೆಯ ಬಾಲಕಿಯರ ಮೆಟ್ರಿಕ್ ಪೂರ್ವ ಹಾಸ್ಟೆಲ್ (ಊರಿನಲ್ಲಿ ಬಿಸಿಎಂ ಹಾಸ್ಟೆಲ್ ಎನ್ನುತ್ತಾರೆ), ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್, ಪರಿಶಿಷ್ಟ ಪಂಗಡದವರಿಗೆ ಮತ್ತು ಅಲ್ಪಸಂಖ್ಯಾತರಿಗೆ ಅವರವರ ಇಲಾಖೆಯದು. ಅರ್ಜಿಗೆ ಬೇಕಾದ್ದು: ಮಗಳ ಆಧಾರ್, ಜಾತಿ-ಆದಾಯ ಪ್ರಮಾಣಪತ್ರ (ಅದರ ಮೇಲಿನ ಆರ್.ಡಿ. ಸಂಖ್ಯೆ ಮುಖ್ಯ), ಶಾಲೆಯವರು ಕೊಡುವ ಸ್ಯಾಟ್ಸ್ ಸಂಖ್ಯೆ (ಶಿಕ್ಷಣ ಇಲಾಖೆಯ ದಾಖಲೆಯಲ್ಲಿ ಪ್ರತಿ ವಿದ್ಯಾರ್ಥಿಯ ಗುರುತಿನ ಸಂಖ್ಯೆ), ಫೋಟೊ. ಹೆಚ್ಚಿನವರು ಎಡವುವುದು ಜಾತಿ-ಆದಾಯ ಪತ್ರದಲ್ಲಿ. ಜೂನ್‌ನಲ್ಲಿ ನಾಡಕಚೇರಿಯಲ್ಲಿ ನೂಕುನುಗ್ಗಲು, ಪತ್ರ ಬರುವಷ್ಟರಲ್ಲಿ ಸೀಟು ಮುಗಿದಿರುತ್ತದೆ. ಏಪ್ರಿಲ್‌ನಲ್ಲೇ ಮಾಡಿಸಿಟ್ಟುಕೊಳ್ಳಿ. ಸೇರಿಸುವ ಮುಂಚೆ ಒಮ್ಮೆ ಹೋಗಿ ನೋಡಿ: ರಾತ್ರಿ ಹೆಂಗಸರು ಯಾರಾದರೂ ಅಲ್ಲೇ ಇರುತ್ತಾರೆಯೇ, ಕಾಂಪೌಂಡು ಇದೆಯೇ, ಸ್ನಾನದ ಮನೆಗೆ ಒಳಗಿನಿಂದ ಚಿಲಕ ಇದೆಯೇ. ದೀಪಾವಳಿ ರಜೆಗೆ ಮನೆಗೆ ಬಂದವಳನ್ನು ಅರೇಬಿಕಾ ಕೊಯ್ಲು ಮುಗಿಯುವ ತನಕ ನಿಲ್ಲಿಸಿಕೊಂಡರೆ, ಅವಳು ವಾಪಸು ಹೋಗುವಷ್ಟರಲ್ಲಿ ಅರ್ಧ ಪಾಠ ಮುಗಿದಿರುತ್ತದೆ. ನಮ್ಮ ಕಡೆ ಹಾಸ್ಟೆಲ್ ಮಕ್ಕಳು ಕೈತಪ್ಪುವುದು ಹೀಗೆಯೇ.

ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳಿಗೆ ಸೇರುವುದು ಆರನೇ ಕ್ಲಾಸಿಗೆ, ಪ್ರವೇಶ ಪರೀಕ್ಷೆ ಬರೆದು. ಈ ಮಗಳಿಗೆ ಆ ಹೊತ್ತು ದಾಟಿತು. ಖಾಲಿ ಸೀಟು ಇದೆಯೇ ಎಂದು ಪ್ರಾಂಶುಪಾಲರನ್ನು ಕೇಳಬಹುದು, ನೆಚ್ಚಿಕೊಳ್ಳಬೇಡಿ. ಅವಳಿಗೆ ತಂಗಿ ಇದ್ದರೆ, ಐದನೇ ಕ್ಲಾಸಿನಲ್ಲಿ ಓದುವಾಗಲೇ ಅರ್ಜಿ ಹಾಕಿಸಿ.

ಮನೆಯಿಂದಲೇ ಹೋಗಿಬರುವುದಾದರೆ ಬಸ್ಸಿನ ವಿಚಾರ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸು ಉಚಿತ. ಆದರೆ ಮಲೆನಾಡಿನ ಒಳದಾರಿಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು, ಅಲ್ಲಿ ಶಕ್ತಿ ಇಲ್ಲ, ದಿನಾ ಕಾಸು ಕೊಡಬೇಕು. ಹಾಗಾಗಿ ಸರ್ಕಾರಿ ಬಸ್ಸಿಗೆ ಅರ್ಜಿ ಹಾಕಿ. ಹೊಸ ಬಸ್ಸು ಕೇಳಿದರೆ 'ಗಾಡಿ ಇಲ್ಲ' ಎಂಬ ಉತ್ತರ ಬರುತ್ತದೆ. ಇರುವ ಬಸ್ಸನ್ನು ಇಪ್ಪತ್ತು ನಿಮಿಷ ಮೊದಲೋ ಆಮೇಲೋ ಬಿಡಿ, ಇಂಥ ಸ್ಟಾಪಿನಲ್ಲಿ ನಿಲ್ಲಿಸಿ ಎಂದು ಕೇಳಿದರೆ ಆಗುವ ಸಾಧ್ಯತೆ ಹೆಚ್ಚು. ಅರ್ಜಿಯಲ್ಲಿ ಪ್ರತಿ ಸ್ಟಾಪಿನ ಹೆಸರು, ಅಲ್ಲಿ ಹತ್ತುವ ಮಕ್ಕಳ ಸಂಖ್ಯೆ, ಶಾಲೆ ಶುರುವಾಗುವ ಮತ್ತು ಬಿಡುವ ಸಮಯ, ಈಗಿನ ಬಸ್ಸಿನ ಸಮಯ ಇರಲಿ. ಹೈಸ್ಕೂಲಿನ ಮುಖ್ಯಶಿಕ್ಷಕರ ಸಹಿ ಮಾಡಿಸಿ, ಡಿಪೊ ವ್ಯವಸ್ಥಾಪಕರಿಗೆ ಕೊಟ್ಟು, ಇನ್ನೊಂದು ಪ್ರತಿಯನ್ನು ವಿಭಾಗೀಯ ನಿಯಂತ್ರಣಾಧಿಕಾರಿಗೆ ಕಳಿಸಿ. ಸಂಜೆಯ ಬಸ್ಸೇ ಹೆಚ್ಚು ಮುಖ್ಯ. ಬೆಳಿಗ್ಗೆ ಯಾರಾದರೂ ಬಿಟ್ಟು ಬರುತ್ತಾರೆ. ಆರು ಗಂಟೆಯ ಮೇಲೆ ತೋಟದ ದಾರಿಯಲ್ಲಿ ಮಗಳು ಒಬ್ಬಳೇ ಬರಬೇಕು ಎಂದಾಗಲೇ ಅಪ್ಪ 'ಬೇಡ' ಎನ್ನುವುದು. ಆ ಭಯ ಸುಳ್ಳಲ್ಲ, ಅದಕ್ಕೆ ಉತ್ತರ ಕೊಟ್ಟೇ ಅವರನ್ನು ಒಪ್ಪಿಸಬೇಕು. ಆನೆ ಓಡಾಟದ ಬಗ್ಗೆ ಅರಣ್ಯ ಇಲಾಖೆ ಕಳಿಸುವ ಸಂದೇಶ ಹೈಸ್ಕೂಲಿನ ಒಬ್ಬ ಶಿಕ್ಷಕರಿಗೂ ನಿಮ್ಮ ಲೈನಿನ ಒಂದು ಫೋನಿಗೂ ಬರುವಂತೆ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ನಂಬರು ಬರೆಸಿ. ಆನೆ ಇದೆ ಎಂದ ದಿನ ಮಕ್ಕಳು ಒಟ್ಟಿಗೆ, ದೊಡ್ಡವರೊಬ್ಬರ ಜೊತೆಗೇ ತೋಟ ದಾಟಬೇಕು.

ಪ್ರಶ್ನೆ: ಸೈಕಲ್ಲು, ದುಡ್ಡು ಕೊಟ್ಟರೆ ಹುಡುಗಿಯರು ಶಾಲೆಗೆ ಬರುತ್ತಾರೆ ಎನ್ನುವುದಕ್ಕೆ ಪುರಾವೆ ಇದೆಯೇ? ಬೇರೆ ದೇಶಗಳಲ್ಲಿ ಏನಾಯಿತು?
— ನಿವೃತ್ತ ಮುಖ್ಯೋಪಾಧ್ಯಾಯರು, ಕಡೂರು

ಇದೆ, ಮಿತಿಗಳೂ ಇವೆ. ಎದ್ದು ಕಾಣುವ ಉದಾಹರಣೆ ಬಾಂಗ್ಲಾದೇಶ. 1994ರಲ್ಲಿ ಗ್ರಾಮೀಣ ಪ್ರದೇಶದ 6ರಿಂದ 10ನೇ ತರಗತಿಯ ಹುಡುಗಿಯರಿಗೆ ದೇಶವ್ಯಾಪಿ ವಿದ್ಯಾರ್ಥಿವೇತನ ಶುರುವಾಯಿತು. ಷರತ್ತು ಮೂರು: ಶೇ. 75 ಹಾಜರಿ, ಪರೀಕ್ಷೆಯಲ್ಲಿ ಶೇ. 45 ಅಂಕ, ಮದುವೆಯಾಗಿರಬಾರದು. ಮೊತ್ತ ಸಣ್ಣದು, ಆರನೇ ತರಗತಿಗೆ ತಿಂಗಳಿಗೆ 25 ಟಾಕಾ, 9-10ಕ್ಕೆ 60 ಟಾಕಾ, ಜೊತೆಗೆ ಬೋಧನಾ ಶುಲ್ಕ ಮಾಫಿ. ಹಣ ಹುಡುಗಿಯ ಹೆಸರಿನ ಬ್ಯಾಂಕ್ ಖಾತೆಗೇ ಬೀಳುತ್ತಿತ್ತು. ಆ ದಶಕ ಮುಗಿಯುವ ಹೊತ್ತಿಗೆ ಅಲ್ಲಿನ ಪ್ರೌಢಶಾಲೆಗಳಲ್ಲಿ ಹುಡುಗಿಯರು ಹುಡುಗರನ್ನು ಮೀರಿದರು.

ಆದರೆ ಬಾಲ್ಯವಿವಾಹ ಆ ವೇಗದಲ್ಲಿ ಕರಗಲಿಲ್ಲ. 2019ರ ಸಮೀಕ್ಷೆಯಲ್ಲೂ ಅಲ್ಲಿ 20ರಿಂದ 24 ವರ್ಷದ ಹೆಂಗಸರಲ್ಲಿ ಅರ್ಧದಷ್ಟು ಮಂದಿ 18 ತುಂಬುವ ಮೊದಲೇ ಮದುವೆಯಾದವರು. ದುಡ್ಡು ಹುಡುಗಿಯನ್ನು ಬಾಗಿಲು ದಾಟಿಸುತ್ತದೆ. ಹತ್ತನೇ ಕ್ಲಾಸು ಪಾಸು ಮಾಡಿಸಲು ಪಾಠವೇ ಬೇಕು. ಬೆಲೆ ಏರಿದಂತೆ ವೇತನ ಏರದಿದ್ದರೆ ಅದು ನೋಟ್‌ಬುಕ್ಕಿಗೂ ಸಾಲದು. ಇನ್ನು ಅಂಕದ ಷರತ್ತು ಹೆಚ್ಚು ಬಿಗಿಯಾದರೆ ಕೈಬಿಡುವುದು ಯಾರಿಗೆ ಸಹಾಯ ಹೆಚ್ಚು ಬೇಕಿತ್ತೋ ಅವರನ್ನೇ.

ಪಾಕಿಸ್ತಾನದ ಪಂಜಾಬ್ ಪ್ರಾಂತ್ಯ 2004ರಲ್ಲಿ ಸಾಕ್ಷರತೆ ಕಡಿಮೆಯಿದ್ದ ಜಿಲ್ಲೆಗಳನ್ನಷ್ಟೇ ಆರಿಸಿ, ಶೇ. 80 ಹಾಜರಿ ಇದ್ದ ಹುಡುಗಿಗೆ ತಿಂಗಳಿಗೆ 200 ರೂಪಾಯಿ ಕೊಟ್ಟಿತು. ಮೆಕ್ಸಿಕೊದಲ್ಲಿ 1997ರ ಯೋಜನೆಯ ಸೂಕ್ಷ್ಮ ನೋಡಿ: ತರಗತಿ ಏರಿದಂತೆ ಹಣ ಏರುತ್ತಿತ್ತು, ಪ್ರೌಢ ಹಂತದಲ್ಲಿ ಹುಡುಗಿಗೆ ಹುಡುಗನಿಗಿಂತ ಹೆಚ್ಚು. ಮಗು ಬೆಳೆದಷ್ಟೂ ಮನೆಗೆ ಅವಳ ದುಡಿಮೆಯ ಬೆಲೆ ಏರುತ್ತದೆ ಎಂಬುದನ್ನು ಅರಿತು ಮಾಡಿದ ಲೆಕ್ಕ ಅದು. ನಮ್ಮಲ್ಲಿ ಭಾಗ್ಯಲಕ್ಷ್ಮಿ ಬಾಂಡಿನ ಷರತ್ತು ಎಂಟನೇ ತರಗತಿ ಮತ್ತು 18ರವರೆಗೆ ಮದುವೆ ಇಲ್ಲ ಎಂಬುದು. ಎಂಟನೇ ತರಗತಿಯಿಂದ ಹದಿನೆಂಟು ವರ್ಷದವರೆಗಿನ ಓದಿಗೆ ಅದರಲ್ಲಿ ಒತ್ತಾಸೆ ಇಲ್ಲ. ಅದು ಹತ್ತನೇ ತರಗತಿಯವರೆಗಾದರೂ ಇರಬೇಕಿತ್ತು ಎಂಬುದು ನಮ್ಮ ಅಭಿಪ್ರಾಯ.

ಸೈಕಲ್ಲಿನ ವಿಚಾರಕ್ಕೆ ಬಿಹಾರ ನೋಡಿ. 2006ರಲ್ಲಿ ಒಂಬತ್ತನೇ ತರಗತಿಗೆ ಸೇರಿದ ಹುಡುಗಿಗೆ ಸೈಕಲ್ಲಿಗೆಂದು 2000 ರೂಪಾಯಿ ಕೊಡಲು ಶುರುಮಾಡಿದರು. ಸಂಶೋಧಕರು ಪಕ್ಕದ ಜಾರ್ಖಂಡ್‌ನೊಂದಿಗೆ ಹೋಲಿಸಿದಾಗ ಹುಡುಗಿಯರ ಸೇರ್ಪಡೆ ಸುಮಾರು ಮೂರನೇ ಒಂದರಷ್ಟು ಏರಿತ್ತು, ಹುಡುಗ-ಹುಡುಗಿಯರ ಅಂತರ ಶೇ. 40ರಷ್ಟು ಇಳಿದಿತ್ತು. ಲಾಭ ಹೆಚ್ಚು ಕಂಡದ್ದು ಹೈಸ್ಕೂಲು 3 ಕಿ.ಮೀ.ಗಿಂತ ದೂರವಿದ್ದ ಹಳ್ಳಿಗಳಲ್ಲಿ. ಒಬ್ಬಳಿಗೆ ಕೊಟ್ಟರೆ ಒಬ್ಬಳೇ ಹೋಗಬೇಕು, ಊರಿನ ಎಲ್ಲರಿಗೂ ಕೊಟ್ಟದ್ದರಿಂದ ಗುಂಪಾಗಿ ಹೋದರು, ಹೆತ್ತವರ ಹೆದರಿಕೆ ತಗ್ಗಿತು. ಕರ್ನಾಟಕದಲ್ಲೂ 2006-07ರಿಂದ ಎಂಟನೇ ತರಗತಿಗೆ ಸೈಕಲ್ಲು ಕೊಟ್ಟರು. ಬಿಹಾರದ ನೆಲ ಚಪ್ಪಟೆ ಬಯಲು ಎಂಬುದನ್ನು ಮಾತ್ರ ಮರೆಯಬಾರದು. ಕಡೂರು, ಅರಸೀಕೆರೆ, ಚನ್ನರಾಯಪಟ್ಟಣದ ಕಡೆ ಸೈಕಲ್ಲು ನಡೆಯುತ್ತದೆ. ಕೊಪ್ಪ, ಶೃಂಗೇರಿ, ಕಳಸದ ಏರಿನಲ್ಲಿ, ಜುಲೈ ಮಳೆಯಲ್ಲಿ ಅದನ್ನು ತಳ್ಳಿಕೊಂಡೇ ಹೋಗಬೇಕು. ಅಲ್ಲಿಗೆ ಬಸ್ಸು ಅಥವಾ ಹಾಸ್ಟೆಲ್ಲೇ ಉತ್ತರ. ಒಂದೇ ಜಿಲ್ಲೆಗೆ ಒಂದೇ ಮದ್ದು ಸಾಲದು.

ಪ್ರಶ್ನೆ: ನಮ್ಮ ಪಂಚಾಯಿತಿಯಲ್ಲಿ ಎಷ್ಟು ಹುಡುಗಿಯರು ಹೈಸ್ಕೂಲು ಬಿಟ್ಟಿದ್ದಾರೆ ಎಂದು ಕಂಡುಹಿಡಿಯುವುದು ಹೇಗೆ? ಕೇಳಿದರೆ ಎಲ್ಲರೂ 'ಯಾರೂ ಇಲ್ಲ' ಎನ್ನುತ್ತಾರೆ.
— ಗ್ರಾಮ ಪಂಚಾಯಿತಿ ಸದಸ್ಯೆ, ಅರಕಲಗೂಡು ತಾಲ್ಲೂಕು

ಶೇಕಡಾವಾರು ಕೇಳಬೇಡಿ, ಹೆಸರು ಕೇಳಿ. ಜೂನ್ ಮೂರನೇ ವಾರ ಒಂದು ನೋಟ್‌ಬುಕ್ ಹಿಡಿದು ಕೂತರೆ ಎರಡು ದಿನದ ಕೆಲಸ.

ಪಂಚಾಯಿತಿಯ ಎಲ್ಲ ಹಿರಿಯ ಪ್ರಾಥಮಿಕ ಶಾಲೆಗಳಿಂದ ಕಳೆದ ಸಾಲಿನ ಏಳನೇ ತರಗತಿಯ ಹುಡುಗಿಯರ ಪಟ್ಟಿ ಪಡೆಯಿರಿ: ಹೆಸರು, ತಂದೆ ಅಥವಾ ತಾಯಿಯ ಹೆಸರು, ಸ್ಯಾಟ್ಸ್ ಸಂಖ್ಯೆ. ಅನುದಾನಿತ, ಖಾಸಗಿ ಶಾಲೆಗಳನ್ನು ಬಿಡಬೇಡಿ. ಎಂಟನೇ ತರಗತಿವರೆಗೆ ಇರುವ ಶಾಲೆಗಳಿಂದ ಎಂಟರ ಪಟ್ಟಿಯನ್ನೂ ತೆಗೆದುಕೊಳ್ಳಿ, ಅವರ ಜಿಗಿತ ಒಂಬತ್ತಕ್ಕೆ. ಈಗ ಸುತ್ತಲಿನ ಹೈಸ್ಕೂಲುಗಳ ಈ ವರ್ಷದ ಹಾಜರಿ ಪುಸ್ತಕದೊಂದಿಗೆ ತಾಳೆ ನೋಡಿ. ದಾಖಲಾತಿ ಪುಸ್ತಕ ಸಾಲದು, ಹಾಜರಿಯೇ ಬೇಕು. ಜೂನ್‌ನಲ್ಲಿ ಹೆಸರು ಬರೆಸಿ ಒಂದು ದಿನವೂ ಬಾರದವರು ದಾಖಲಾತಿಯಲ್ಲಿ ವರ್ಷವಿಡೀ ಜೀವಂತವಾಗಿರುತ್ತಾರೆ.

ಉಳಿದ ಹೆಸರುಗಳ ಮುಂದೆ ಶಾಲೆಯವರು ಸಾಮಾನ್ಯವಾಗಿ ಬರೆಸುವ ಉತ್ತರ, 'ಅಜ್ಜಿ ಮನೆಗೆ ಹೋಗಿ ಅಲ್ಲೇ ಸೇರಿದ್ದಾಳೆ.' ನಿಜವೂ ಇರಬಹುದು. ಪರೀಕ್ಷೆ ಸುಲಭ: ಸ್ಯಾಟ್ಸ್ ಸಂಖ್ಯೆ ಮಗುವಿನ ಜೊತೆ ಹೋಗುತ್ತದೆ. ಹೊಸ ಶಾಲೆ ಆ ಸಂಖ್ಯೆಯನ್ನು ತನ್ನತ್ತ ಎಳೆದುಕೊಂಡಿದ್ದರೆ ಹುಡುಗಿ ಸೇರಿದ್ದಾಳೆ. ಟಿ.ಸಿ. ಕೊಟ್ಟಿದ್ದು ಹೌದು, ಸಂಖ್ಯೆ ಎಲ್ಲೂ ಸೇರ್ಪಡೆಯಾಗಿಲ್ಲ ಎಂದರೆ ಅವಳು ಎಲ್ಲೂ ಇಲ್ಲ. ನಿಮ್ಮ ಕ್ಲಸ್ಟರಿನ ಸಿಆರ್‌ಪಿ (ಸಂಪನ್ಮೂಲ ವ್ಯಕ್ತಿ) ಇದನ್ನು ನೋಡಿ ಹೇಳಬಲ್ಲರು. ಒಂದೇ ಹೆಸರಿನ ಇಬ್ಬರಿದ್ದರೆ, ಹೆಸರಿನ ಮುಂದಿನ ಇನಿಷಿಯಲ್ ಬದಲಾಗಿದ್ದರೆ ಲೆಕ್ಕ ತಪ್ಪುತ್ತದೆ, ಹಾಗಾಗಿಯೇ ಸಂಖ್ಯೆ ಹಿಡಿಯಬೇಕು.

ಕೊನೆಗೆ ಉಳಿದ ನಾಲ್ಕೋ ಏಳೋ ಹೆಸರುಗಳಿಗೆ ಮನೆ ಭೇಟಿ. ಪಿಡಿಒ, ಅಂಗನವಾಡಿ ಕಾರ್ಯಕರ್ತೆ, ಒಬ್ಬ ಶಿಕ್ಷಕಿ ಜೊತೆಗಿರಲಿ, ಐದಾರು ಜನ ಗಂಡಸರು ಹೋಗಿ ಅಂಗಳದಲ್ಲಿ ನಿಲ್ಲಬೇಡಿ. 'ಯಾಕೆ ಕಳಿಸಲಿಲ್ಲ' ಎಂದು ಕೇಳಿದರೆ ಜಗಳ, 'ಕಳಿಸಲು ಏನು ಅಡ್ಡಿ' ಎಂದು ಕೇಳಿದರೆ ಉತ್ತರ ಸಿಗುತ್ತದೆ. ಬಸ್ಸು, ಚಿಕ್ಕ ಮಗು ನೋಡಿಕೊಳ್ಳುವವರಿಲ್ಲ, ಆಲೂಗಡ್ಡೆ ಅಥವಾ ಶುಂಠಿ ಕೆಲಸ, ತಾಯಿಗೆ ಕಾಯಿಲೆ, ಮದುವೆ ಮಾತುಕತೆ, ಏನೆಂದು ಹೆಸರಿನ ಮುಂದೆ ಒಂದೇ ಕಾರಣ ಬರೆಯಿರಿ. ಕಾರಣ ಗೊತ್ತಾದರೆ ಮಾಡಬೇಕಾದ ಕೆಲಸ ಯಾವ ಇಲಾಖೆಯದು ಎಂಬುದೂ ಗೊತ್ತಾಗುತ್ತದೆ.

ಇದನ್ನೇ ಹತ್ತನೇ ತರಗತಿಯ ಪಟ್ಟಿಗೂ ಪಿಯು ಪ್ರವೇಶ ಮುಗಿದ ಮೇಲೆ ಮಾಡಿ. ನವೆಂಬರ್ ಕೊನೆಗೆ ಮತ್ತೊಮ್ಮೆ ಹಾಜರಿ ನೋಡಿ, ಒಂದು ವಾರ ಸತತ ಬಾರದವಳ ಮನೆಗೆ ಆಗಲೇ ಹೋಗಿ. ಮೂರು ತಿಂಗಳು ಬಿಟ್ಟವಳನ್ನು ಕರೆತರುವುದು ಹತ್ತು ಪಟ್ಟು ಕಷ್ಟ. ಮಕ್ಕಳ ಗ್ರಾಮಸಭೆಯಲ್ಲಿ ಈ ಸಂಖ್ಯೆ ಓದಿ, ಹೆಸರುಗಳನ್ನು ಮಾತ್ರ ಓದಬೇಡಿ.

ಪ್ರಶ್ನೆ: ಶೌಚಾಲಯ ಕಟ್ಟಿಸಿದ್ದೇವೆ. ಆದರೂ ದೊಡ್ಡ ಹುಡುಗಿಯರು ತಿಂಗಳಿಗೆ ಮೂರು-ನಾಲ್ಕು ದಿನ ಬರುವುದಿಲ್ಲ.
— ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರು, ಬೇಲೂರು ತಾಲ್ಲೂಕು

ಒಳಗಿನ ಚಿಲಕ, ಒಳಗೇ ನಲ್ಲಿ, ಬಟ್ಟೆ ನೇತುಹಾಕಲು ಒಂದು ಮೊಳೆ, ಮುಚ್ಚಳವಿರುವ ಡಬ್ಬ. ಈ ನಾಲ್ಕು ಇವೆಯೇ ನೋಡಿ. ಟ್ಯಾಂಕಿನ ನೀರು ಮಧ್ಯಾಹ್ನಕ್ಕೆ ಖಾಲಿಯಾಗುತ್ತಿದ್ದರೆ ಕಟ್ಟಡ ಇದ್ದೂ ಇಲ್ಲದಂತೆ. ಬೀಗದ ಕೈ ಶಿಕ್ಷಕರ ಕೊಠಡಿಯಲ್ಲಿದ್ದರೆ, ಅದನ್ನು ಕೇಳುವ ನಾಚಿಕೆಗೇ ಮಕ್ಕಳು ಮನೆಯಲ್ಲಿ ಉಳಿಯುತ್ತಾರೆ. ಶುಚಿ ಯೋಜನೆಯ ಪ್ಯಾಡ್ ಬಂದರೆ ಪ್ರತಿ ತರಗತಿಯ ಒಬ್ಬ ಹುಡುಗಿಯ ಬಳಿ ಹತ್ತಿಪ್ಪತ್ತು ಇರಲಿ, ಕಪಾಟಿನೊಳಗೆ ಕೂಡಿಡಬೇಡಿ.

ಪ್ರಶ್ನೆ: ಮಗಳಿಗೆ ವಿದ್ಯಾರ್ಥಿವೇತನ ಮಂಜೂರಾಗಿದೆ ಎಂದು ಸಂದೇಶ ಬಂತು. ಖಾತೆಗೆ ಬಂದಿಲ್ಲ. ಬ್ಯಾಂಕಿನಲ್ಲಿ ಆಧಾರ್ ಲಿಂಕ್ ಆಗಿದೆ ಎನ್ನುತ್ತಾರೆ.
— ರೈತರು, ಚನ್ನರಾಯಪಟ್ಟಣ

ಲಿಂಕ್ ಬೇರೆ, ಎನ್‌ಪಿಸಿಐ (ರಾಷ್ಟ್ರೀಯ ಪಾವತಿ ನಿಗಮ) ಮ್ಯಾಪಿಂಗ್ ಬೇರೆ. ಬ್ಯಾಂಕು ಗುರುತಿಗಾಗಿ ಆಧಾರ್ ಪಡೆದಿದ್ದರೆ ಅದು ಲಿಂಕ್. ಸರ್ಕಾರದ ಹಣ ಬರುವುದು ಮ್ಯಾಪಿಂಗ್ ಆದ ಖಾತೆಗೆ, ಅದು ಒಬ್ಬರಿಗೆ ಒಂದೇ. ಕೊನೆಯದಾಗಿ ಯಾವ ಬ್ಯಾಂಕಿಗೆ ಒಪ್ಪಿಗೆ ಕೊಟ್ಟಿದ್ದೀರೋ ಅಲ್ಲಿಗೆ. ಪೋಸ್ಟ್ ಪೇಮೆಂಟ್ಸ್ ಬ್ಯಾಂಕಿನಲ್ಲಿ ಎಂದೋ ತೆರೆದ ಖಾತೆಗೆ ಹಣ ಹೋಗಿ ಕೂತಿರುವುದು ಬಹಳ. ಆಧಾರ್ ಜಾಲತಾಣದಲ್ಲಿ ಬ್ಯಾಂಕ್ ಸೀಡಿಂಗ್ ಸ್ಥಿತಿ ನೋಡಿದರೆ ಬ್ಯಾಂಕಿನ ಹೆಸರು ಬರುತ್ತದೆ. ಖಾತೆ ಮಗಳ ಹೆಸರಿನಲ್ಲೇ ಇರಬೇಕು. ವರ್ಷಗಟ್ಟಲೆ ವಹಿವಾಟಿಲ್ಲದೆ ನಿಷ್ಕ್ರಿಯವಾಗಿದ್ದರೆ ಹಣ ವಾಪಸಾಗುತ್ತದೆ.

ಅದು ಸರಿಯಿದ್ದರೆ ಹೆಸರು ನೋಡಿ. ಸ್ಯಾಟ್ಸ್‌ನಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು ಕಾಗುಣಿತ ಇದ್ದರೆ ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶ ಒಪ್ಪುವುದಿಲ್ಲ. ಮೊದಲು ಜನನ ಪ್ರಮಾಣಪತ್ರದಂತೆ ಆಧಾರ್ ಸರಿಮಾಡಿಸಿ, ಆಮೇಲೆ ಶಾಲೆಯಲ್ಲಿ ಸ್ಯಾಟ್ಸ್ ತಿದ್ದಿಸಿ. ಹತ್ತನೇ ತರಗತಿಯ ಅಂಕಪಟ್ಟಿ ಬಂದ ಮೇಲೆ ತಿದ್ದುಪಡಿ ಬಹಳ ತ್ರಾಸ. 15 ತುಂಬಿದ ಮಕ್ಕಳ ಬೆರಳಚ್ಚು, ಕಣ್ಣಿನ ಗುರುತನ್ನು ಆಧಾರ್‌ನಲ್ಲಿ ಹೊಸದಾಗಿ ಕೊಡಬೇಕು. ಮರೆತರೆ ಒಂಬತ್ತು-ಹತ್ತರ ಹೊತ್ತಿಗೇ ಎಲ್ಲವೂ ಸಿಕ್ಕಿಹಾಕಿಕೊಳ್ಳುತ್ತದೆ.

ಮಗಳು ಎಂಟನೇ ಕ್ಲಾಸಿನಲ್ಲಿದ್ದರೆ ಎನ್‌ಎಂಎಂಎಸ್ (ಕೇಂದ್ರದ ಪ್ರತಿಭಾ ವಿದ್ಯಾರ್ಥಿವೇತನ) ಪರೀಕ್ಷೆ ಬರೆಸಿ. ಪಾಸಾಗಿ ಆಯ್ಕೆಯಾದರೆ 9ರಿಂದ 12ರವರೆಗೆ ವರ್ಷಕ್ಕೆ 12,000 ರೂಪಾಯಿ. ಸರ್ಕಾರಿ, ಅನುದಾನಿತ ಶಾಲೆಯವರಿಗೆ, ಹೆತ್ತವರ ವಾರ್ಷಿಕ ಆದಾಯ 3.5 ಲಕ್ಷದೊಳಗಿರಬೇಕು, ಏಳನೇ ತರಗತಿಯಲ್ಲಿ ಶೇ. 55 ಅಂಕ (ಪರಿಶಿಷ್ಟರಿಗೆ 50) ಬೇಕು. ಬೌದ್ಧಿಕ ಸಾಮರ್ಥ್ಯದ 90 ಪ್ರಶ್ನೆ, ಪಠ್ಯದ 90 ಪ್ರಶ್ನೆ. ಪ್ರತಿ ವರ್ಷ ನವೀಕರಣದ ಅರ್ಜಿ ಹಾಕಬೇಕು. ಹತ್ತರಲ್ಲಿ ಶೇ. 60 (ಪರಿಶಿಷ್ಟರಿಗೆ 55) ಬಂದರೆ ಮಾತ್ರ ಪಿಯುಸಿಗೆ ಮುಂದುವರಿಯುತ್ತದೆ. ಹತ್ತು ಮುಗಿಸಿ ಬೇರೆ ಕಡೆ ಪಿಯು ಸೇರಿದವರ ನವೀಕರಣ ಯಾರ ಜವಾಬ್ದಾರಿ ಎಂದು ಎರಡೂ ಕಡೆ ಕೈಬಿಡುತ್ತಾರೆ. ಅದು ಹೊಸ ಕಾಲೇಜಿನದು, ನೀವೇ ನೆನಪಿಸಿ.

ಪ್ರಶ್ನೆ: ಪಕ್ಕದ ಮನೆ ಹುಡುಗಿಗೆ 16. ಎಸ್ಸೆಸ್ಸೆಲ್ಸಿ ಫೇಲು. ಮದುವೆ ಗೊತ್ತುಮಾಡುತ್ತಿದ್ದಾರೆ. ನಾನು ಹೇಳಿದೆ ಎಂದು ತಿಳಿದರೆ ಊರಲ್ಲಿ ಇರುವುದು ಕಷ್ಟ.
— ತರೀಕೆರೆ ತಾಲ್ಲೂಕು

ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ, ನಿಮ್ಮ ಹೆಸರು ಹೊರಗೆ ಬರುವುದಿಲ್ಲ. ಹುಡುಗಿಯ ಹೆಸರು, ಓದಿದ ಶಾಲೆ, ಮದುವೆಯ ದಿನ ಮತ್ತು ಸ್ಥಳ ಹೇಳಿ. ಶಾಲೆಯ ದಾಖಲೆಯಿಂದ ವಯಸ್ಸು ತಕ್ಷಣ ಸಿಗುತ್ತದೆ. ಹಿಂದಿನ ದಿನ ಹೇಳುವುದಕ್ಕಿಂತ ನಿಶ್ಚಿತಾರ್ಥದ ಹೊತ್ತಿಗೇ ಹೇಳುವುದು ಮೇಲು. ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಮನೆಯವರನ್ನು ಕೂರಿಸಿ ಮಾತಾಡಲು, ಬೇಕಾದರೆ ನ್ಯಾಯಾಲಯದಿಂದ ತಡೆ ತರಲು ಸಮಯ ಸಿಗುತ್ತದೆ. ಕರ್ನಾಟಕದ ತಿದ್ದುಪಡಿಯಂತೆ ಬಾಲ್ಯವಿವಾಹ ಆರಂಭದಿಂದಲೇ ಅಸಿಂಧು. ಮಾಡಿಸಿದವರಿಗೆ, ಭಾಗವಹಿಸಿ ಪ್ರೋತ್ಸಾಹಿಸಿದವರಿಗೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ.

ಮದುವೆ ನಿಂತರಷ್ಟೇ ಸಾಲದು. ಅದೇ ವಾರ ಅವಳನ್ನು ಓದಿದ ಹೈಸ್ಕೂಲಿಗೆ ಕರೆದೊಯ್ದು, ಫೇಲಾದ ವಿಷಯಗಳಿಗೆ ಮುಂದಿನ ಪರೀಕ್ಷೆಯ ಅರ್ಜಿ ತುಂಬಿಸಿ. ಅದೇ ವರ್ಷ ಮತ್ತೆ ಬರೆಯಲು ಅವಕಾಶವಿದೆ, ಗಡುವು ಮಾತ್ರ ಫಲಿತಾಂಶ ಬಂದ ಕೆಲವೇ ದಿನಗಳಲ್ಲಿ ಮುಗಿಯುತ್ತದೆ.

ಪ್ರಶ್ನೆ: ಅಸ್ಸಾಮಿನಿಂದ ಬಂದ ಕುಟುಂಬಗಳ ಹುಡುಗಿಯರು ತೋಟದಲ್ಲಿದ್ದಾರೆ. ಯಾವ ದಾಖಲೆಯೂ ಇಲ್ಲ, ಕನ್ನಡ ಬಾರದು, ಬಂದದ್ದು ಡಿಸೆಂಬರಿನಲ್ಲಿ. ಸೇರಿಸಿಕೊಳ್ಳಬಹುದೇ?
— ಶಿಕ್ಷಕಿ, ಸಕಲೇಶಪುರ ತಾಲ್ಲೂಕು

14ರೊಳಗಿದ್ದರೆ ಸೇರಿಸಿಕೊಳ್ಳಲೇಬೇಕು, ವರ್ಷದ ಯಾವ ತಿಂಗಳಾದರೂ. ಜನನ ಪ್ರಮಾಣಪತ್ರ ಇಲ್ಲ ಎಂಬುದು ನಿರಾಕರಣೆಗೆ ಕಾರಣವಾಗದು, ಹೆತ್ತವರ ಘೋಷಣೆ ಸಾಕು. ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ, ವಿಶೇಷ ತರಬೇತಿಗೆ ಬಿಆರ್‌ಸಿಗೆ, ಅಂದರೆ ಕ್ಷೇತ್ರ ಸಂಪನ್ಮೂಲ ಕೇಂದ್ರಕ್ಕೆ, ಬರೆಯಿರಿ. ಹನ್ನೆರಡರ ಹುಡುಗಿಯನ್ನು ಕನ್ನಡ ಬಾರದೆಂದು ಎರಡನೇ ಕ್ಲಾಸಿನಲ್ಲಿ ಕೂರಿಸಿದರೆ ಅವಳು ವಾರದೊಳಗೆ ನಿಲ್ಲುತ್ತಾಳೆ. ತಮ್ಮ-ತಂಗಿಯನ್ನು ನೋಡಿಕೊಳ್ಳುವ ಕೆಲಸ ಅವಳದಾಗಿದ್ದರೆ, ಆ ಪುಟ್ಟ ಮಗುವಿಗೆ ಅಂಗನವಾಡಿ ಅಥವಾ ತೋಟದ ಶಿಶುಮನೆಯಲ್ಲಿ ಜಾಗ ಮಾಡಿಸಿ. 50 ಅಥವಾ ಹೆಚ್ಚು ಹೆಂಗಸರು ಕೆಲಸ ಮಾಡುವ, ಇಲ್ಲವೇ ಅವರ ಪುಟ್ಟ ಮಕ್ಕಳು 20 ಅಥವಾ ಹೆಚ್ಚು ಇರುವ ತೋಟದಲ್ಲಿ ಶಿಶುಮನೆ ಇಡಬೇಕೆಂದು 2025ರವರೆಗೆ ಇದ್ದ ಪ್ಲಾಂಟೇಶನ್ ಕಾಯ್ದೆಯೇ ಹೇಳುತ್ತಿತ್ತು.

ರೋಬಸ್ಟಾ ಮುಗಿದು ಮಾರ್ಚಿನಲ್ಲಿ ಕುಟುಂಬ ಹೊರಟರೆ, ಹೊರಡುವ ಮೊದಲೇ ಟಿ.ಸಿ. ಬರೆದು ಕೈಗೆ ಕೊಡಿ, ಒಂದು ಫೋಟೊವನ್ನು ಅವರ ಫೋನಿನಲ್ಲಿ ಇಡಿಸಿ. ಕಾಗದ ದಾರಿಯಲ್ಲಿ ಕಳೆದರೂ ಫೋಟೊ ಉಳಿಯುತ್ತದೆ, ಮುಂದಿನ ಶಾಲೆಯಲ್ಲಿ ಅವಳ ತರಗತಿ ಯಾವುದೆಂದು ಹೇಳಲು ಅದು ಸಾಕಾಗುತ್ತದೆ.